ಬಫಿಂಗಿಗೆ ಕೊಡುವ ಮೊದಲು: ಹಳೇ ಜಪಾನಿ ಮಡಚು ಚಾಕುಗಳು

ಬೆಳಗಾವಿಯಲ್ಲಿ ಹಳೇ ಚಾಕು ಜಂಗು ಹಿಡಿದು ಕೆಡುವುದಕ್ಕಿಂತ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಸಿಕ್ಕು ಕೆಡುವುದೇ ಹೆಚ್ಚು. ಫೌಂಡ್ರಿ, ಮಷೀನ್ ಶಾಪುಗಳ ಊರು ಇದು. ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಯಾರದಾದರೂ ಪರಿಚಯ ಇದ್ದೇ ಇರುತ್ತದೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕರ್ರನೆಯ ಮಡಚು ಚಾಕು ತೆಗೆದುಕೊಂಡು ಹೋಗಿ "ಒಂದ್ ಸಲ ಹೊಳಪು ಮಾಡಿ ಕೊಡ್ರಿ" ಅಂದರೆ ಎರಡು ನಿಮಿಷದಲ್ಲಿ ಕನ್ನಡಿಯಂಥ ಅಲಗು ಕೈಗೆ ಬರುತ್ತದೆ. ಅಷ್ಟರಲ್ಲಿ ಅಲಗಿನ ಬುಡದಲ್ಲಿ ಒತ್ತಿದ ಹೆಸರಿನ ಶಿಕ್ಕಾ ಅರ್ಧ ಅಳಿಸಿರುತ್ತದೆ, ಚೂಪಾಗಿದ್ದ ಅಂಚುಗಳು ದುಂಡಗಾಗಿರುತ್ತವೆ. ತುದಿ ತೆಳ್ಳಗಿದ್ದರೆ ಬಿಸಿಗೆ ನೀಲಿಯೂ ಆಗಿರುತ್ತದೆ. ನೀಲಿ ಬಂತೆಂದರೆ ಉಕ್ಕು ಸುಮಾರು 300 ಡಿಗ್ರಿ ಮುಟ್ಟಿ ಬಂದಿದೆ, ಅಲ್ಲಿಯ ಹದ ಹೋಯಿತು. ಆಮೇಲೆ ಎಷ್ಟೇ ಸಾಣೆ ಹಿಡಿದರೂ ಧಾರೆ ನಿಲ್ಲುವುದಿಲ್ಲ.

ಹಾಗಾಗಿ ಮೊದಲು ನೋಡಲು ಕಲಿಯಬೇಕು, ಕೈ ಹಚ್ಚುವುದು ಆಮೇಲೆ.

ಜಪಾನಿ ಮಡಚು ಚಾಕು ಎಂದರೆ ಮುಖ್ಯವಾಗಿ ಎರಡು ಊರು. ಗಿಫು ಪ್ರಾಂತದ ಸೇಕಿ ಒಂದು, ಹ್ಯೋಗೊ ಪ್ರಾಂತದ ಮಿಕಿ ಇನ್ನೊಂದು. ಸೇಕಿಯಲ್ಲಿ ಏಳುನೂರು ವರ್ಷಗಳಿಂದ ಕತ್ತಿ ಬಡಿಯುತ್ತಿದ್ದರು. 1876ರಲ್ಲಿ ಮೇಜಿ ಸರಕಾರ ಕತ್ತಿ ಕಟ್ಟಿಕೊಂಡು ಊರಲ್ಲಿ ತಿರುಗುವುದನ್ನೇ ನಿಷೇಧಿಸಿದಾಗ ಗಿರಾಕಿ ಹೋದರು. ಕುಲುಮೆಗಳು ಅಡುಗೆ ಚಾಕು, ಕತ್ತರಿ, ಜೇಬಿನ ಚಾಕುಗಳತ್ತ ಹೊರಳಿದವು. ಮಿಕಿ ಬಡಿಗರ ಹತಾರಗಳ ಊರು: ಗರಗಸ, ಉಳಿ, ಕೀಸುಳಿ. ಹಿಗೊನೊಕಾಮಿ ಎಂಬ ಚಾಕು ಹುಟ್ಟಿದ್ದು ಅಲ್ಲೇ, 1890ರ ದಶಕದಲ್ಲಿ.

ಎರಡನೇ ಮಹಾಯುದ್ಧದ ನಂತರ ಸೇಕಿಯ ಮಾಲು ಹೆಚ್ಚಾಗಿ ಅಮೆರಿಕಕ್ಕೆ ಹೋಯಿತು. 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಎಂದು ದರ ಕಟ್ಟಿಹಾಕಿದ್ದರಿಂದ ಅಗ್ಗವಾಗಿತ್ತು. ಅಲ್ಲಿನ ಆಮದುದಾರರು ತಮ್ಮ ಹೆಸರಿನ ಶಿಕ್ಕಾ ಹೊಡೆಸಿ ತರಿಸುತ್ತಿದ್ದರು. ಎಕ್ಸ್‌ಪ್ಲೋರರ್, ಸೇಬರ್, ವೇಲರ್, ಪಾರ್ಕರ್, ಫ್ರಾಸ್ಟ್ ಇವೆಲ್ಲ ಆಮದುದಾರರು ಹಾಕಿಸಿದ ಹೆಸರುಗಳು, ತಯಾರಕರವಲ್ಲ. ಅಲಗಿನ ಮೇಲೆ ಇಂಗ್ಲಿಷ್ ಹೆಸರು ಕಂಡು "ಇದು ಅಮೆರಿಕದ್ದು" ಅಂತ ತಿಳಿಯುವವರು ಬಹಳ. ತಿರುವಿ ಹಾಕಿದರೆ ಹಿಂದೆ ಸಣ್ಣಗೆ "ಜಪಾನ್" ಇರುತ್ತದೆ. ಡಾಲರ್ ಬೆಲೆ ಇಳಿಸಲೆಂದು ಐದು ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಏರಿ ಅಗ್ಗದ ಮಾಲಿನ ಕೆಲಸ ತೈವಾನಿಗೆ, ಆಮೇಲೆ ಚೀನಾಕ್ಕೆ ಹೋಯಿತು. ಸೇಕಿಯಲ್ಲಿ ಉಳಿದದ್ದು ಮೇಲ್ದರ್ಜೆಯ ಕೆಲಸ. ನನ್ನ ಪ್ರಕಾರ "ಹಳೇದು" ಅನ್ನುವ ಮಾತಿಗೆ ಗಡಿ ಅಲ್ಲಿಯೇ, 1980ರ ದಶಕದ ಕೊನೆಗೆ.

ನಮ್ಮ ಕಡೆ ಹುಡುಕುವುದು ಎಲ್ಲಿ? ಗೋವಾದ ನಂಟಿರುವ ಹಳೇ ಮನೆಗಳಲ್ಲಿ ಮೊದಲು ಕೇಳಿ. 1961ರ ಡಿಸೆಂಬರಿನವರೆಗೆ ಗೋವಾ ಪೋರ್ತುಗೀಸರ ಕೈಯಲ್ಲಿತ್ತು, 1950ರ ದಶಕದಲ್ಲಿ ಅಲ್ಲಿಯ ಕಬ್ಬಿಣದ ಅದಿರು ಜಪಾನಿಗೆ ಹೋಗುತ್ತಿತ್ತು, ಪೇಟೆಯಲ್ಲಿ ವಿದೇಶಿ ಸಾಮಾನಿಗೆ ಬರವಿರಲಿಲ್ಲ. ಹಡಗಿನಲ್ಲಿ ಇಲ್ಲವೇ ಕೊಲ್ಲಿ ದೇಶದಲ್ಲಿ ದುಡಿದು ಬಂದವರ ಮನೆ, ಕ್ಯಾಂಪ್ ಭಾಗದ ನಿವೃತ್ತ ಫೌಜಿಗಳ ಮನೆ ಆಮೇಲೆ. ಕೊನೆಗೆ ಭಂಗಾರದ ಅಂಗಡಿಗಳು. (ಹೊರಗಿನವರಿಗೆ: ಬೆಳಗಾವಿಯಲ್ಲಿ ಬಂಗಾರ ಬೇರೆ, ಭಂಗಾರ ಬೇರೆ. ಎರಡನೆಯದು ಮರಾಠಿಯಿಂದ ಬಂದ ಗುಜರಿ.) ಅಂಗಡಿಯಲ್ಲಿ "ಜಪಾನ್ ಚಾಕು ಐತೇನ್ರಿ" ಅಂತ ಮಾತ್ರ ಕೇಳಬೇಡಿ, ದರ ಅಲ್ಲೇ ಮೂರು ಪಟ್ಟು ಏರುತ್ತದೆ. "ಪೆನ್ಸಿಲ್ ಹೆರಿಯೋ ಹಳೇ ಚಾಕು" ಅನ್ನಿ.

ವಿದೇಶದಿಂದ ಅಂಚೆಯಲ್ಲಿ ತರಿಸುವವರಿಗೆ ಒಂದು ಮಾತು. ಮಡಚು ಚಾಕುವಿನ ಸುಂಕದ ಸಂಖ್ಯೆ 8211.93. ಆದರೆ ಬಳಸಿದ ವಸ್ತುಗಳ ಆಮದಿಗೆ ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಅನುಮತಿ ಬೇಕು, ಪಾರ್ಸೆಲ್ ಕಸ್ಟಮ್ಸಿನಲ್ಲೇ ಕೂರಬಹುದು. ಊರೊಳಗೆ ಹುಡುಕುವುದೇ ವಾಸಿ.

ಇನ್ನು ಚಾಕು ಕೈಗೆ ಬಂತು ಅನ್ನಿ. ಬಿಚ್ಚಿದ ಕೂಡಲೇ ಧಾರೆ ನೋಡುವುದು ಎಲ್ಲರ ಚಾಳಿ. ನೋಡಬೇಕಾದ್ದು ಅಲಗಿನ ಬುಡ, ಹಿಡಿಗೆ ತಾಗಿದ ಅರ್ಧ ಇಂಚಿನ ಚಪ್ಪಟೆ ಜಾಗ. ಶಿಕ್ಕಾ ಇರುವುದು ಅಲ್ಲಿ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇಟ್ಟುಕೊಳ್ಳಿ, ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವಂಥದ್ದೇ ಸಾಕು. ಅಮೆರಿಕದ 1890ರ ಸುಂಕದ ಕಾಯ್ದೆ ಆಮದು ಮಾಲಿನ ಮೇಲೆ ದೇಶದ ಹೆಸರು ಕೇಳಿತು, ಜಪಾನಿನವರು "ನಿಪ್ಪಾನ್" ಅಂತ ಹಾಕಿದರು. 1921ರಲ್ಲಿ ಆ ಹೆಸರು ನಡೆಯುವುದಿಲ್ಲ, "ಜಪಾನ್" ಎಂದೇ ಇರಬೇಕು ಅಂತಾಯಿತು. "ಆಕ್ಯುಪೈಡ್ ಜಪಾನ್" ಅಂತಿದ್ದರೆ ಅದು ಅಮೆರಿಕದ ಸೈನ್ಯ ಅಲ್ಲಿದ್ದ ಕಾಲದ್ದು, 1947ರಿಂದ 1952ರ ಒಳಗಿನದು. ಸಂಗ್ರಹಕಾರರು ಇದಕ್ಕೆ ಮುಗಿಬೀಳುತ್ತಾರೆ. ಆದರೆ ಅದೇ ವರ್ಷಗಳಲ್ಲಿ ಬರೀ "ಜಪಾನ್" ಹಾಕಿದ ಮಾಲೂ ಹೊರಟಿದೆ, ಹಾಗಾಗಿ ಆ ಪದ ಇಲ್ಲದ ಮಾತ್ರಕ್ಕೆ ಚಾಕು ಹೊಸದು ಎನ್ನಲಾಗದು. "ಸೇಕಿ" ಎಂದು ಊರಿನ ಹೆಸರನ್ನೇ ಹೆಮ್ಮೆಯಿಂದ ಹಾಕಿದ್ದು ಕಂಡರೆ ಸಾಮಾನ್ಯವಾಗಿ 1970ರ ದಶಕದಿಂದ ಈಚಿನದು. "ಸರ್ಜಿಕಲ್ ಸ್ಟೀಲ್" ಎಂಬುದಕ್ಕೆ ಮರುಳಾಗಬೇಡಿ. ಅದು ಯಾವ ಉಕ್ಕಿನ ಹೆಸರೂ ಅಲ್ಲ, ಜಾಹೀರಾತು.

"ಆಕ್ಯುಪೈಡ್" ಶಿಕ್ಕಾಕ್ಕೆ ಬೆಲೆ ಇರುವುದರಿಂದ ಅದನ್ನು ಹೊಸದಾಗಿ ಹೊಡೆಯುವವರೂ ಇದ್ದಾರೆ. ಅಕ್ಷರದ ತಗ್ಗಿನೊಳಗೆ ಲೂಪ್ ಹಿಡಿದು ನೋಡಿ. ಸುತ್ತಲಿನ ಅಲಗು ಕಂದು, ಅಕ್ಷರದ ತಳ ಮಾತ್ರ ಬೆಳ್ಳಗೆ ಇದ್ದರೆ ಮೊನ್ನೆ ಹೊಡೆದದ್ದು. ನಿಜವಾದ ಶಿಕ್ಕಾ ಹದ ಹಾಕುವ ಮೊದಲೇ, ಉಕ್ಕು ಮೆತ್ತಗಿದ್ದಾಗಲೇ ಬಿದ್ದಿರುತ್ತದೆ. ಆಮೇಲೆ ಅಲಗನ್ನು ಉಜ್ಜಿರುತ್ತಾರೆ, ಹಾಗಾಗಿ ಅಕ್ಷರದ ಅಂಚಿನಲ್ಲಿ ಉಬ್ಬು ಇರುವುದಿಲ್ಲ. ಹದವಾದ ಉಕ್ಕಿನ ಮೇಲೆ ಹೊಡೆದರೆ ಅಕ್ಷರ ಆಳಕ್ಕಿಳಿಯದೆ ಮೇಲೆ ಮೇಲೆ ಇರುತ್ತದೆ. ಬಫಿಂಗ್ ಆದ ಅಲಗಿನಲ್ಲಿ ಈ ಪರೀಕ್ಷೆಗೆ ಸಾಕ್ಷಿಯೇ ಉಳಿದಿರುವುದಿಲ್ಲ. ಮೊದಲೇ ಹೇಳಿದ ಸಿಟ್ಟು ಅದಕ್ಕೇ.

ಶಿಕ್ಕಾ ಆದ ಮೇಲೆ ಅಲಗು ಎಷ್ಟು ಸವೆದಿದೆ ಅನ್ನುವುದು. ಸಾಣೆಯವನ ಸೈಕಲ್ ಚಕ್ರಕ್ಕೆ ನಾಲ್ಕು ಸಲ ಹೋದ ಚಾಕು ಬುಡದ ಹತ್ತಿರ ಮೆಟ್ಟಿಲಿನಂತೆ ಒಳಗೆ ತಗ್ಗಿರುತ್ತದೆ, ಮುಂದೆ ಈಳಿಗಿಯಂತೆ ಬಾಗಿರುತ್ತದೆ. ಅಲಗು ಮುಚ್ಚಿ ತುದಿ ನೋಡಿ. ಎರಡೂ ಪಕ್ಕದ ಹಿತ್ತಾಳೆ ತಗಡಿನ ನಡುವೆ ತುದಿ ಪೂರ್ತಿ ಮುಳುಗಿರಬೇಕು. ಅಲಗು ಸವೆದಾಗ ತುದಿ ಮೇಲೆದ್ದು ಜೇಬಿನಲ್ಲಿ ಚುಚ್ಚುತ್ತದೆ. ಆಗ ಕೆಲವರು ಬುಡದ ತಡೆಮೂಲೆಯನ್ನು, ಅಂದರೆ ಮುಚ್ಚಿದಾಗ ಸ್ಪ್ರಿಂಗಿಗೆ ತಾಗಿ ಅಲಗನ್ನು ತಡೆಯುವ ಮೂಲೆಯನ್ನು, ಕಾನಸಿನಿಂದ ಉಜ್ಜಿ ತುದಿಯನ್ನು ಒಳಗೆ ಇಳಿಸುತ್ತಾರೆ. ಅಲ್ಲಿಗೆ ಇನ್ನೊಂದು ತೊಂದರೆ ಶುರು: ಮುಚ್ಚಿದಾಗಲೆಲ್ಲ ಧಾರೆ ಸ್ಪ್ರಿಂಗಿಗೆ ಬಡಿದು ನಡುವೆ ಹಲ್ಲು ಬೀಳುತ್ತದೆ. ಧಾರೆಯ ಮಧ್ಯದಲ್ಲಿ ಒಂದೇ ಕಡೆ ಮೊಂಡಾಗಿದ್ದರೆ ಕಾರಣ ಅದೇ.

ನಂತರ ಬಿಚ್ಚಿ ಮುಚ್ಚಿ ಕಿವಿಗೊಡಿ. ಸ್ಪ್ರಿಂಗ್ ಸರಿಯಿದ್ದರೆ ಕೊನೆಯ ಕಾಲುಭಾಗದಲ್ಲಿ ಅಲಗು ತಾನೇ ಎಳೆದುಕೊಂಡು ಟಪ್ ಅನ್ನುತ್ತದೆ. ಬಿಚ್ಚಿದಾಗ ಸ್ಪ್ರಿಂಗಿನ ಬೆನ್ನು ಹಿಡಿಯ ಅಂಚಿನ ಸಮಕ್ಕೆ ಬರಬೇಕು; ಉಬ್ಬಿ ನಿಂತರೂ ತಗ್ಗಿ ಹೋದರೂ ಒಳಗೆ ಕೊಳೆ ಇದೆ ಅಥವಾ ಯಾರೋ ಬಿಚ್ಚಿ ಜೋಡಿಸಿದ್ದಾರೆ. ಬೆನ್ನಿಗೆ ಲಾಕ್ ಇರುವ ಚಾಕುಗಳಲ್ಲಿ ಲಾಕ್ ಕೂರದಿದ್ದರೆ ಕೂಡಲೇ "ಕೆಟ್ಟಿದೆ" ಅನ್ನಬೇಡಿ. ಹತ್ತರಲ್ಲಿ ಎಂಟು ಸಲ ಲಾಕ್ ಕೂರುವ ಕಚ್ಚಿನಲ್ಲಿ ಜೇಬಿನ ಜುಂಗು ತುಂಬಿ ಗಟ್ಟಿಯಾಗಿರುತ್ತದೆ. ಬಿದಿರಿನ ಹಲ್ಲುಕಡ್ಡಿಯಿಂದ ಕೆದರಿದರೆ ಕಸ ಹೊರಗೆ, ಲಾಕ್ ಒಳಗೆ.

ಅಯಸ್ಕಾಂತ ಹಿಡಿದು "ಅಂಟಿತು, ಹಾಗಾದರೆ ಸ್ಟೇನ್‌ಲೆಸ್ ಅಲ್ಲ" ಅನ್ನುವುದು ತಪ್ಪು. ಅದು ಪಾತ್ರೆಯ ಲೆಕ್ಕ. ಚಾಕುವಿಗೆ ಬಳಸುವ 440 ಜಾತಿಯ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಅಯಸ್ಕಾಂತದ ಉಪಯೋಗ ಬೇರೆ ಕಡೆ: ಹಿಡಿಯ ತುದಿಗಳ ಬಿಳಿ ಲೋಹದ ಮೇಲೆ ಹಿಡಿಯಿರಿ. ಒಳ್ಳೆಯ ಚಾಕುವಿನಲ್ಲಿ ಅದು ಜರ್ಮನ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ), ಅಂಟುವುದಿಲ್ಲ. ಅಂಟಿದರೆ ಉಕ್ಕಿನ ಮೇಲೆ ನಿಕಲ್ ಬಳಿದದ್ದು, ಅಗ್ಗದ ಮಾಲು.

ಹಿಡಿಯ ಚಿಪ್ಪಿನ ವಿಷಯಕ್ಕೆ ಬಂದರೆ, ಇಲ್ಲಿ ತಪ್ಪಿದವರು ಇಡೀ ಡಬ್ಬಿಯನ್ನೇ ಕಳೆದುಕೊಳ್ಳುತ್ತಾರೆ. ಹಳೇ ಜಪಾನಿ ಚಾಕುಗಳಲ್ಲಿ ಮುತ್ತಿನ ಚಿಪ್ಪಿನಂತೆ, ಆಮೆಯ ಚಿಪ್ಪಿನಂತೆ ಮಿನುಗುವ ಹಿಡಿ ಇದ್ದರೆ ಅದು ಬಹುತೇಕ ಸೆಲ್ಯುಲಾಯ್ಡ್. ನೈಟ್ರೇಟ್ ಮಾಡಿದ ಹತ್ತಿನಾರಿಗೆ ಕರ್ಪೂರ ಬೆರೆಸಿ ಮಾಡುವ ಪದಾರ್ಥ. ಕರ್ಪೂರ ಜಪಾನಿಗೆ ಕೈಗೆಟುಕುವ ಮಾಲಾಗಿತ್ತು. 1895ರಿಂದ 1945ರವರೆಗೆ ಕರ್ಪೂರದ ಮರಗಳ ತೈವಾನ್ ಅವರ ಆಳ್ವಿಕೆಯಲ್ಲೇ ಇತ್ತು. ಪತ್ತೆ ಹಚ್ಚುವುದು ಸುಲಭ: ಹೆಬ್ಬೆರಳಿನಿಂದ ಹಿಡಿಯನ್ನು ಅರ್ಧ ನಿಮಿಷ ಗಟ್ಟಿಯಾಗಿ ತಿಕ್ಕಿ ಮೂಗಿಗೆ ಹಿಡಿಯಿರಿ. ಮಂಗಳಾರತಿಯ ತಟ್ಟೆಯ ವಾಸನೆ ಬಂದರೆ ಸೆಲ್ಯುಲಾಯ್ಡ್. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಹೊತ್ತಿಕೊಳ್ಳುವುದಕ್ಕಿಂತ ದೊಡ್ಡ ತಕರಾರು ಅದು ಕೊಳೆಯುವುದು. ವಯಸ್ಸಾದ ಸೆಲ್ಯುಲಾಯ್ಡ್ ಬಿಡುವ ಆವಿ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಆಗ ಕರ್ಪೂರದ ಬದಲು ಮೂಗು ಸುಡುವ ಹುಳಿ ವಾಸನೆ. ಲಕ್ಷಣಗಳು: ಹಿತ್ತಾಳೆ ತಗಡಿನ ಅಂಚಿನಲ್ಲಿ ಹಸಿರು ಹುಡಿ, ಹಿಡಿಯಲ್ಲಿ ಕೂದಲೆಳೆಯಂಥ ಬಿರುಕಿನ ಜಾಲ, ಮುಚ್ಚಿದ ಅಲಗಿನ ಹಿಡಿಯೊಳಗಿನ ಭಾಗಕ್ಕೆ ಮಾತ್ರ ಜಂಗು. ಅಂಥದ್ದನ್ನು ಡಬ್ಬಿಯಲ್ಲಿ ಇಟ್ಟರೆ ಪಕ್ಕದ ಒಳ್ಳೆಯ ಚಾಕುಗಳಿಗೂ ಜಂಗು ಹಿಡಿಸುತ್ತದೆ, ಕೊಳೆತ ಉಳ್ಳಾಗಡ್ಡಿ ಚೀಲಕ್ಕೆಲ್ಲ ಹಬ್ಬಿದಂತೆ. ಸೆಲ್ಯುಲಾಯ್ಡ್ ಚಾಕುಗಳನ್ನು ಬೇರೆ ಇಡಿ, ಗಾಳಿಯಾಡುವಂತೆ ಬಿಚ್ಚಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಎಂದೂ ಕಟ್ಟಬೇಡಿ. ಕೊಳೆಯಲು ಶುರುವಾದದ್ದನ್ನು ನಿಲ್ಲಿಸುವ ಔಷಧ ಇಲ್ಲ.

ಇನ್ನು ಮಾರುವವನು "ಆನೆದಂತ" ಅಥವಾ "ಜಿಂಕೆ ಕೊಂಬು" ಅಂದರೆ ಕೈ ಹಿಂದೆ ತೆಗೆಯಿರಿ. 1972ರ ವನ್ಯಜೀವಿ ಕಾಯ್ದೆ ಇದೆ. ಹೆಚ್ಚಾಗಿ ಅದು ಪ್ಲಾಸ್ಟಿಕ್ಕೇ ಆಗಿರುತ್ತದೆ, ಆದರೂ ಆ ಜೂಜು ಬೇಡ.

ಶುಚಿ ಮಾಡುವುದು ಹೀಗೆ. ಧಾರೆಗೆ ಕಾಗದದ ಟೇಪ್ ಸುತ್ತಿ. ಬಿಗಿಯಾಗಿದ್ದರೆ ಅಲಗು ಬಿಚ್ಚಲು ಉಗುರು ಹಾಕುವ ತಗ್ಗಿಗೆ ಇಕ್ಕಳ ಹಾಕಿ ಎಳೆಯಬೇಡಿ. ಅಲಗಿನ ಅಂಚು ಅಲ್ಲೇ ಒಡೆಯುತ್ತದೆ. ತಿರುಗುವ ಮೊಳೆಯ ಹತ್ತಿರ ಎರಡು ಹನಿ ಚಿಮಣಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ತುಸು ತುಸುವೇ ಅಲುಗಿಸಿ ಬಿಚ್ಚಿ. ಮತ್ತೆರಡು ಹನಿ, ಇಪ್ಪತ್ತು ಸಲ ಬಿಚ್ಚಿ ಮುಚ್ಚಿ, ಹೊರಬಂದ ಕರಿ ನೀರನ್ನು ಬಟ್ಟೆಯಿಂದ ಒರೆಸಿ. ಒರೆಸಿದ ಬಟ್ಟೆ ಬೆಳ್ಳಗೇ ಬರುವವರೆಗೆ ಇದೇ. ಇಡೀ ಚಾಕುವನ್ನು ಎಣ್ಣೆಯಲ್ಲಿ ಮುಳುಗಿಸಬೇಡಿ, ಎಲುಬಿನ ಹಿಡಿ ಎಣ್ಣೆ ಕುಡಿದು ಕಲೆಯಾಗುತ್ತದೆ. ಬಿಸಿ ನೀರಂತೂ ಬೇಡವೇ ಬೇಡ.

ಅಲಗಿನ ಮೇಲಿನ ಕೆಂಪು ಜಂಗು ಹೋಗಬೇಕು, ಬೂದು-ನೀಲಿ ಮಬ್ಬು ಉಳಿಯಬೇಕು. ಇವೆರಡರ ವ್ಯತ್ಯಾಸ ಗೊತ್ತಾಗದೆ ಎಲ್ಲವನ್ನೂ ಉಜ್ಜುತ್ತಾರೆ. ಕಾರ್ಬನ್ ಉಕ್ಕಿನ ಚಾಕುವಿನಿಂದ ಇಂಡಿ ತಾಲೂಕಿನ ಲಿಂಬೆಹಣ್ಣು ಒಂದು ಹೆಚ್ಚಿ ನೋಡಿ, ಐದು ನಿಮಿಷದಲ್ಲಿ ಅಲಗಿನ ಬಣ್ಣ ತಿರುಗುತ್ತದೆ. ಆ ಮಬ್ಬು ಕಬ್ಬಿಣದ ಮೇಲೆ ಅಂಟಿ ಕೂತ ಪದರ, ಕೆಂಪು ಜಂಗಿಗೆ ಅಡ್ಡ ನಿಲ್ಲುವಂಥದ್ದು. ಕೆಂಪಿಗೆ ಮಾತ್ರ ಎಣ್ಣೆ ಹಚ್ಚಿ, ಹಿತ್ತಾಳೆ ತಗಡಿನ ಚೂರಿನಿಂದ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆತ್ತಗಿರುವುದರಿಂದ ಗೀರು ಬೀಳದು. ಸಣ್ಣ ಚುಕ್ಕೆಗಳಿಗೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಕೆಂಪು ಹೋಗಿ ಕಪ್ಪು ಕಂಡ ಕೂಡಲೇ ನಿಲ್ಲಿಸಿ. ಕಪ್ಪಿನ ಕೆಳಗೆ ತಗ್ಗು ಇರುತ್ತದೆ, ತಗ್ಗನ್ನು ಅಳಿಸಬೇಕೆಂದರೆ ಸುತ್ತಲಿನ ಉಕ್ಕನ್ನೆಲ್ಲ ಕೆಳಗಿಳಿಸಬೇಕಾಗುತ್ತದೆ. ಅದನ್ನೇ ಬಫಿಂಗ್ ಮಾಡುವುದು.

ಹಿಗೊನೊಕಾಮಿ ಬಗ್ಗೆ ಬೇರೆಯೇ ಹೇಳಬೇಕು, ಅದರ ರಚನೆಯೇ ಬೇರೆ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಒಂದು ತಗಡನ್ನು ಉದ್ದಕ್ಕೆ ಮಡಚಿದ ಹಿಡಿ, ಒಂದು ಅಲಗು, ಒಂದು ರಿವೆಟ್. ಅಲಗಿನ ಹಿಂದೆ ಬಾಲದಂತೆ ಹೊರಚಾಚಿದ ಒಂದು ಸನ್ನೆ, ಅದಕ್ಕೆ ಚಿಕಿರಿ ಎನ್ನುತ್ತಾರೆ. ಹೆಬ್ಬೆರಳಿನಿಂದ ಚಿಕಿರಿ ಒತ್ತಿದರೆ ಅಲಗು ಬಿಚ್ಚುತ್ತದೆ, ಕೆಲಸ ಮಾಡುವಾಗ ಹೆಬ್ಬೆರಳು ಅದರ ಮೇಲೇ ಇರಬೇಕು, ಬಿಟ್ಟರೆ ಮಡಚಿಕೊಳ್ಳಬಹುದು. ಜಪಾನಿನ ಶಾಲೆ ಹುಡುಗರು ಪೆನ್ಸಿಲ್ ಹೆರೆಯುತ್ತಿದ್ದ ಚಾಕು ಇದು. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ನಾಯಕ ಅಸಾನುಮಾ ಇನೆಜಿರೊ ಅವರನ್ನು ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೇ ಇರಿದು ಕೊಂದ. ಅವನ ಕೈಯಲ್ಲಿದ್ದದ್ದು ಗಿಡ್ಡ ಕತ್ತಿ, ಆದರೆ ಪೆಟ್ಟು ಬಿದ್ದದ್ದು ಜೇಬಿನ ಚಾಕುಗಳಿಗೆ: ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ಎದ್ದು ಮಿಕಿಯ ಕುಲುಮೆಗಳು ಒಂದೊಂದಾಗಿ ಮುಚ್ಚಿದವು. ಈಗ ಆ ಹೆಸರಿನ ಹಕ್ಕು ಉಳಿದಿರುವುದು ನಾಗಾವೊ ಕಾನೆಕೊಮಾ ಎಂಬ ಕುಲುಮೆ ಒಂದಕ್ಕೇ.

ಹಳೇ ಹಿಗೊನೊಕಾಮಿಯ ಸಾಮಾನ್ಯ ದೋಷ ರಿವೆಟ್ ಸಡಿಲಾಗುವುದು. ಗಟ್ಟಿ ಉಕ್ಕಿನ ತುಂಡಿನ ಮೇಲೆ ರಿವೆಟಿನ ಒಂದು ತಲೆ ಸರಿಯಾಗಿ ಕೂರುವಂತೆ ಇಟ್ಟು, 100 ಗ್ರಾಂ ಸುತ್ತಿಗೆಯಿಂದ ಇನ್ನೊಂದು ತಲೆಯ ಅಂಚಿಗೆ ಸುತ್ತಲೂ ಮೆಲ್ಲಗೆ ತಟ್ಟಿ. ಮೂರು ಏಟು, ಬಿಚ್ಚಿ ನೋಡುವುದು. ಮತ್ತೆ ಮೂರು, ಮತ್ತೆ ನೋಡುವುದು. ಒಂದೇ ಸಲ ಜೋರಾಗಿ ಹೊಡೆದರೆ ಹಿಡಿಯ ತಗಡು ಒಳಕ್ಕೆ ಬಾಗಿ ಅಲಗು ಜಾಮ್ ಆಗುತ್ತದೆ. ಹಾಗಾದರೆ ಅಲಗಿನ ಎರಡೂ ಪಕ್ಕ ಪೋಸ್ಟ್‌ಕಾರ್ಡಿನ ದಪ್ಪದ ಹಿತ್ತಾಳೆ ತಗಡು ತೂರಿಸಿ ಮೆಲ್ಲಗೆ ಅಗಲಿಸಿ. ಹಿತ್ತಾಳೆ ಹಿಡಿಯನ್ನು ದೇವರ ಸಾಮಾನು ತಿಕ್ಕುವಂತೆ ಹುಣಸೆಹಣ್ಣಿನಿಂದ ತಿಕ್ಕಬೇಡಿ. ಹುಳಿ ನೀರು ರಿವೆಟಿನ ಸಂದಿಗೆ ಇಳಿದು ಒಳಗಿನಿಂದ ಜಂಗು ತರುತ್ತದೆ, ಹೊರಗೆ ಕಾಣುವಷ್ಟರಲ್ಲಿ ಹೊತ್ತಾಗಿರುತ್ತದೆ.

ಧಾರೆಗೆ ಸಾವಿರ ನಂಬರಿನ ನೀರುಕಲ್ಲು ಸಾಕು, ಕೊನೆಗೆ ಮೂರು ಸಾವಿರದ್ದು. ಸಾಮಾನ್ಯ ಮಡಚು ಚಾಕುವಿಗೆ ಪ್ರತಿ ಪಕ್ಕ 15 ಡಿಗ್ರಿ: ಅಲಗು 12 ಮಿ.ಮೀ. ಅಗಲವಿದ್ದರೆ ಅದರ ಬೆನ್ನು ಕಲ್ಲಿನಿಂದ 3 ಮಿ.ಮೀ. ಮೇಲಿರಬೇಕು, ಅಂದರೆ ಸುಮಾರು ಎರಡು ಒಂದು-ರೂಪಾಯಿ ನಾಣ್ಯದ ದಪ್ಪ. ಹಿಗೊನೊಕಾಮಿಗೆ ಈ ಲೆಕ್ಕ ಬೇಡ, ಅದರ ಇಳಿಜಾರನ್ನೇ ಕಲ್ಲಿಗೆ ಚಪ್ಪಟೆಯಾಗಿ ಕೂರಿಸಿ ಎಳೆಯುವುದು. ಒಳ್ಳೆಯವುಗಳಲ್ಲಿ ಎರಡು ಮೆತ್ತನೆಯ ಕಬ್ಬಿಣದ ಪದರಗಳ ನಡುವೆ ಗಟ್ಟಿ ಉಕ್ಕು ಇರುತ್ತದೆ. ನಾಲ್ಕಾರು ಎಳೆತಕ್ಕೆ ಮಬ್ಬು ಕಬ್ಬಿಣ, ಹೊಳೆವ ಉಕ್ಕು, ನಡುವಿನ ಗೆರೆ ಎದ್ದು ಕಾಣುತ್ತದೆ. ಹಳೇ ಚಾಕು ಕೊಂಡವರಿಗೆ ಸಿಗುವ ಖುಷಿಗಳಲ್ಲಿ ಇದು ದೊಡ್ಡದು.

ಕಾನೂನಿನ ಮಾತು ಚಿಕ್ಕದು. ಶಸ್ತ್ರಾಸ್ತ್ರ ನಿಯಮಗಳು ಹಿಡಿಯುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಹೊಲದ ಕೆಲಸದ್ದಕ್ಕೆ ವಿನಾಯಿತಿ ಇದೆ. ಮೂರಿಂಚಿನ ಜೇಬಿನ ಚಾಕು ಆ ನಿಯಮಗಳ ಹಿಡಿತಕ್ಕೆ ಬರುವುದಿಲ್ಲ. ಗುಂಡಿ ಒತ್ತಿದರೆ ಚಿಮ್ಮುವ ಬಗೆಯದ್ದು ಬೇರೆ ಮಾತು, ದಿಲ್ಲಿಯಲ್ಲಿ 1980ರಿಂದಲೇ ಅದಕ್ಕೆ ಪ್ರತ್ಯೇಕ ಅಧಿಸೂಚನೆ ಇದೆ. ಅಂಥದ್ದನ್ನು ಸಂಗ್ರಹಕ್ಕೆ ಸೇರಿಸಲೇಬೇಡಿ. ನಿಷೇಧಾಜ್ಞೆ ಇದ್ದಾಗ ಯಾವುದನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೊರಗೆ ಹೋಗಬೇಡಿ.

ಇಡುವ ವಿಷಯದಲ್ಲಿ ವಿಜಯಪುರ, ಬಾಗಲಕೋಟೆಯವರು ಪುಣ್ಯವಂತರು, ಒಣಹವೆ. ಬೆಳಗಾವಿ, ಖಾನಾಪುರದ ಮಳೆಗಾಲ ಚಾಕುವಿಗೆ ವೈರಿ. ಜೂನ್ ಮೊದಲ ವಾರದೊಳಗೆ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ, ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡಿ (ಸೆಲ್ಯುಲಾಯ್ಡ್ ಬಿಟ್ಟು). ಚರ್ಮದ ಚೀಲದಲ್ಲಿ ಇಡುವುದು ಚಂದ ಕಾಣುತ್ತದೆ, ಆದರೆ ಚರ್ಮ ಹದ ಮಾಡಿದ ರಾಸಾಯನಿಕವೂ ಅದು ಹೀರಿದ ತೇವವೂ ಅಲಗಿಗೇ ಇಳಿಯುತ್ತವೆ. ಜಪಾನಿನವರು ಹಚ್ಚುವುದು ತ್ಸುಬಾಕಿ, ಅಂದರೆ ಕಮೀಲಿಯಾ ಬೀಜದ ಎಣ್ಣೆ. ನಮ್ಮಲ್ಲಿ ಹೊಲಿಗೆ ಮಷೀನಿನ ಎಣ್ಣೆ ಅಥವಾ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸಾಕು. ಅಡುಗೆಮನೆಯ ಕುಸುಬಿ ಎಣ್ಣೆ ಮಾತ್ರ ಮುಟ್ಟಿಸಬೇಡಿ. ಕುಸುಬಿ, ಅಗಸಿ ಎಣ್ಣೆಗಳು ಗಾಳಿಗೆ ಒಣಗಿ ಗೋಂದಾಗುವ ಜಾತಿಯವು. ಎರಡು ತಿಂಗಳಲ್ಲಿ ಮೊಳೆ ಅಂಟಿ ಅಲಗು ಬಿಚ್ಚದಂತಾಗುತ್ತದೆ.

ಮಳೆ ಹಿಂದೆ ಸರಿದ ಮೇಲೆ ಖಂಡೇನವಮಿ ಬರುತ್ತದೆ, ಚಾಕುಗಳೂ ಪೂಜೆಗೆ ಹೊರಬರುತ್ತವೆ. ಒದ್ದೆ ಕುಂಕುಮದ ಬೊಟ್ಟು ಅಲಗಿನ ಮೇಲೆ ಒಂದು ರಾತ್ರಿ ಉಳಿದರೆ ಬೆಳಗಿಗೆ ಅಷ್ಟೇ ಗಾತ್ರದ ಜಂಗಿನ ಬೊಟ್ಟು ತಯಾರು. ಎಲುಬಿನ ಹಿಡಿಗೆ ಅರಿಶಿನ ತಾಗಿದರೆ ಆ ಹಳದಿ ಹೋಗುವುದೇ ಇಲ್ಲ. ಚಾಕುಗಳನ್ನು ಮಡಚಿ ತಟ್ಟೆಯಲ್ಲಿ ಇಡಿ, ಅರಿಶಿನ ಕುಂಕುಮ ತಟ್ಟೆಗೆ ಹಚ್ಚಿ.